ನಿಮ್ಮ ಹೆಸರಿನಲ್ಲೊಂದು ನೇಮ

ಹೊಸ ವರ್ಷ ಎಂದರೆ ನಮಗೆ ಒಂದಲ್ಲ, ಮೂರು ನಾಲ್ಕು. ಜನವರಿ ಒಂದಕ್ಕೆ ಗೋಡೆಯ ಕ್ಯಾಲೆಂಡರ್ ಬದಲಾಗುತ್ತದೆ. ಚೈತ್ರ ಶುದ್ಧ ಪಾಡ್ಯಕ್ಕೆ ಸಂವತ್ಸರ ಬದಲಾಗುತ್ತದೆ. ಕರಾವಳಿಯ ಸೋದರಿಯರಿಗೆ ಏಪ್ರಿಲ್ ನಡುವಿನಲ್ಲಿ ಬಿಸು. ಅಂಗಡಿ ವ್ಯಾಪಾರದ ಮನೆಗಳಲ್ಲಿ ದೀಪಾವಳಿಯ ಹೊತ್ತಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ. ಸರ್ಕಾರದವರೂ 1957ರ ಮಾರ್ಚ್ 22ರಿಂದ ಚೈತ್ರದಲ್ಲೇ ಶುರುವಾಗುವ ರಾಷ್ಟ್ರೀಯ ಪಂಚಾಂಗವೊಂದನ್ನು ಇಟ್ಟುಕೊಂಡಿದ್ದಾರೆ. ಇಷ್ಟೆಲ್ಲ ಹೊಸ ವರ್ಷಗಳಿದ್ದರೂ ಮನೆಯಾಕೆಗೆ ಮಾತ್ರ ಎಲ್ಲವೂ ಒಂದೇ. ಎಣ್ಣೆನೀರಿಗೆ ಹಂಡೆ ಒಲೆ ಹೊತ್ತಿಸಬೇಕು, ಕಣಕ ನಾದಬೇಕು, ಹೂರಣ ರುಬ್ಬಬೇಕು. ಎಲ್ಲರೂ ಒಬ್ಬಟ್ಟು ತಿಂದು ಮಲಗಿದ ಮೇಲೆ ಕಾವಲಿ ತೊಳೆಯಬೇಕು.

ಹಾಗಿದ್ದರೂ ಆ ದಿನ ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುವಾಗ ಮನಸ್ಸಿನಲ್ಲಿ ಏನೋ ಒಂದು ಏಳುತ್ತದೆ, ಅಲ್ಲವೇ? ಈ ವರ್ಷವಾದರೂ ಹೀಗಿರಬೇಕು, ಹಾಗಿರಬೇಕು ಅಂತ. ಹಳೇ ಮೈಸೂರು ಕಡೆ ಯುಗಾದಿಯ ಮರುದಿನವನ್ನು ವರ್ಷತೊಡಕು ಎನ್ನುತ್ತಾರೆ. ಅಂದು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ. ಅದಕ್ಕೇ ಅಂದು ಮಕ್ಕಳನ್ನು ಬೈಯುವ ಹಾಗಿಲ್ಲ, ಕಣ್ಣೀರು ಹಾಕುವ ಹಾಗಿಲ್ಲ, ಸಾಲ ಕೇಳುವ ಹಾಗಿಲ್ಲ. ಒಂದು ದಿನವಾದರೂ ಮನೆಯಲ್ಲಿ ಎಲ್ಲರೂ ಒಳ್ಳೆಯವರಾಗಿರುತ್ತಾರೆ!

ಆದರೆ ಆ ದಿನ ಮಾಡಿದ ನಿಶ್ಚಯ ಎಷ್ಟು ದಿನ ನಿಲ್ಲುತ್ತದೆ? "ಈ ವರ್ಷ ತೂಕ ಇಳಿಸ್ತೀನಿ", "ಕೋಪ ಮಾಡ್ಕೊಳ್ಳೋಲ್ಲ", "ಮಗನ ಓದಿನ ಕಡೆ ಗಮನ ಕೊಡ್ತೀನಿ", "ಖರ್ಚು ಕಡಿಮೆ ಮಾಡ್ತೀನಿ". ಮಾವಿನ ತೋರಣ ಒಣಗುವ ಮುಂಚೆಯೇ ಇವೂ ಒಣಗಿರುತ್ತವೆ. ಆಮೇಲೆ "ನನ್ನ ಕೈಲಿ ಯಾವುದೂ ಆಗೋಲ್ಲ ಕಣ್ರೀ, ನನಗೆ ಮನಸ್ಸು ಗಟ್ಟಿಯಿಲ್ಲ" ಎಂದು ನಮ್ಮನ್ನು ನಾವೇ ಹಳಿದುಕೊಳ್ಳುತ್ತೇವೆ.

ಈ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಮಗೆ ಮನಸ್ಸು ಗಟ್ಟಿಯಿಲ್ಲವೇ?

ಮಂಗಳಗೌರಿ ವ್ರತವನ್ನೇ ನೋಡಿ. ಹೊಸದಾಗಿ ಮದುವೆಯಾದ ಹುಡುಗಿ ಶ್ರಾವಣದ ಪ್ರತಿ ಮಂಗಳವಾರ ಪೂಜೆ ಮಾಡಬೇಕು. ಒಂದು ವರ್ಷವಲ್ಲ, ಐದು ವರ್ಷ. ಅಷ್ಟರಲ್ಲಿ ಬಸಿರು, ಬಾಣಂತನ, ಗಂಡನ ವರ್ಗಾವಣೆ, ಮನೆ ಬದಲಾವಣೆ ಎಲ್ಲವೂ ಆಗುತ್ತದೆ. ವ್ರತ ನಿಲ್ಲುವುದಿಲ್ಲ. ಸಂಕಷ್ಟಿಯ ದಿನ ಚಂದ್ರ ಕಾಣುವ ತನಕ ಊಟವಿಲ್ಲದೆ ಅಡುಗೆ ಮಾಡಿ ಬಡಿಸುವವರು ನಮ್ಮಲ್ಲಿ ಎಷ್ಟು ಮಂದಿ! ಸೋಮವಾರ ಒಪ್ಪೊತ್ತು, ಶನಿವಾರ ಒಪ್ಪೊತ್ತು, ಏಕಾದಶಿ. ರಂಜಾನಿನ ತಿಂಗಳಿಡೀ ನಸುಕಿಗೆ ಮುಂಚೆ ಎದ್ದು ಮನೆಮಂದಿಗೆಲ್ಲ ಬೇಯಿಸಿ ತಾವೂ ಉಪವಾಸ ಹಿಡಿಯುವ ಸೋದರಿಯರು, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಇಷ್ಟವಾದದ್ದನ್ನು ಬಿಡುವ ಸೋದರಿಯರು. ಇವರೆಲ್ಲ ಮನಸ್ಸು ಗಟ್ಟಿಯಿಲ್ಲದವರೇ?

ವ್ರತ ನಿಯಮದ ವಿಷಯದಲ್ಲಿ ನಮಗೆ ಪಾಠ ಹೇಳುವವರು ಈ ಲೋಕದಲ್ಲಿ ಯಾರೂ ಇಲ್ಲ. ಆದರೆ ಒಂದನ್ನು ಗಮನಿಸಿ. ನಾವು ಹಿಡಿದ ವ್ರತಗಳಲ್ಲಿ ಹೆಚ್ಚಿನವು ಗಂಡನ ಆಯುಸ್ಸಿಗೆ, ಮಕ್ಕಳ ವಿದ್ಯೆಗೆ, ಮನೆತನದ ಏಳಿಗೆಗೆ. ಅವು ಇರಲಿ, ಸಂತೋಷ. ಅಷ್ಟು ವ್ರತಗಳ ನಡುವೆ ನಿಮ್ಮ ಹೆಸರಿನಲ್ಲಿ, ನೀವೇ ಆರಿಸಿಕೊಂಡ, ನಿಮ್ಮ ಬಾಳು ನೆಟ್ಟಗಿರಲಿ ಎನ್ನುವುದಕ್ಕೆ ಹಿಡಿದ ನೇಮ ಒಂದಾದರೂ ಇದೆಯೇ? ಈ ಹೊಸ ವರ್ಷಕ್ಕೆ ಅಂಥದ್ದೊಂದು ಬೇಕು ಎಂಬುದೇ ಈ ಸಲದ ನನ್ನ ಮಾತು.

"ಬೇಡ" ಎಂದರೆ ಕೇಳದವರು "ವ್ರತ" ಎಂದರೆ ಕೇಳುತ್ತಾರೆ

ನೇಮ ಏಕೆ ಬೇಕು? ಸುಮ್ಮನೆ ಮನಸ್ಸಿನಲ್ಲಿ ಅಂದುಕೊಂಡರೆ ಸಾಲದೇ? ಸಾಲದು. ಕಾರಣ ನಿಮಗೇ ಗೊತ್ತಿದೆ.

ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗ "ಸಾಕು, ಬೇಡ" ಎಂದು ಕೈ ಅಡ್ಡ ಹಿಡಿಯಿರಿ. ಬಡಿಸುವವರು ಕೈ ಸಂದಿಯಲ್ಲೇ ಇನ್ನೊಂದು ಹೋಳಿಗೆ ತುರುಕುತ್ತಾರೆ. "ಇವತ್ತು ನನ್ನದು ಒಪ್ಪೊತ್ತು" ಎನ್ನಿ. "ಅಯ್ಯೋ, ಹೌದಾ? ಹಾಗಿದ್ರೆ ಬೇಡ ಬಿಡಿ, ಒಂದು ಬಾಳೆಹಣ್ಣಾದರೂ ತಗೊಳ್ಳಿ" ಎಂದು ಅವರೇ ಹಿಂದೆ ಸರಿಯುತ್ತಾರೆ. ಹಸಿವು ಇಲ್ಲ ಎಂಬುದು ಬರಿಯ ನಿಮ್ಮ ಇಷ್ಟ. ಇಷ್ಟಕ್ಕೆ ಒತ್ತಾಯ ಮಾಡಬಹುದು. ವ್ರತಕ್ಕೆ ಒತ್ತಾಯ ಮಾಡುವಂತಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣಿನ "ಬೇಡ"ಕ್ಕೆ ಬೆಲೆ ಕಡಿಮೆ, ಅವಳ ವ್ರತಕ್ಕೆ ಬೆಲೆ ಹೆಚ್ಚು. ಹಾಗಾದರೆ ಜಾಣತನ ಯಾವುದರಲ್ಲಿದೆ? ಮುಖ್ಯವಾದ "ಬೇಡ"ವನ್ನು ವ್ರತದ ಸಾಲಿಗೆ ಸೇರಿಸುವುದರಲ್ಲಿ!

ಗಾಂಧೀಜಿಯವರ ಕಥೆ ನೆನಪಿಸಿಕೊಳ್ಳಿ. 1888ರಲ್ಲಿ ಅವರು ಓದಲು ಇಂಗ್ಲೆಂಡಿಗೆ ಹೊರಟಾಗ ಇನ್ನೂ 18ರ ಹುಡುಗ. ತಾಯಿ ಪುತಲೀಬಾಯಿಗೆ ಮಗ ಕೆಟ್ಟುಹೋದಾನೆಂಬ ಹೆದರಿಕೆ. ಜೈನ ಸಾಧುವೊಬ್ಬರ ಎದುರಿನಲ್ಲಿ ಮೂರು ಪ್ರತಿಜ್ಞೆ ಮಾಡಿಸಿದರು: ಮದ್ಯ, ಮಾಂಸ, ಪರಸ್ತ್ರೀ ಮುಟ್ಟುವುದಿಲ್ಲ. ಅಲ್ಲಿ ಲಂಡನ್ನಿನ ಚಳಿಯಲ್ಲಿ, ಉಪ್ಪು ಖಾರವಿಲ್ಲದ ಊಟದಲ್ಲಿ ಹುಡುಗ ಅರೆಹೊಟ್ಟೆಯಲ್ಲಿದ್ದಾಗ ಸ್ನೇಹಿತರೊಬ್ಬರು ಮಾಂಸ ತಿನ್ನು ಎಂದು ಪರಿಪರಿಯಾಗಿ ಹೇಳಿದರು, ಪುಸ್ತಕ ಓದಿ ವಾದ ಮಾಡಿದರು. ನಿಮ್ಮ ವಾದಕ್ಕೆ ಎದುರುವಾದ ಹೂಡಲು ನನ್ನಿಂದಾಗದು, ಆದರೆ ಕೊಟ್ಟ ಮಾತು ಮುರಿಯಲಾರೆ ಎಂಬುದೇ ಹುಡುಗನ ಉತ್ತರ. ತಮ್ಮ ಆತ್ಮಕಥೆಯಲ್ಲಿ ಇದನ್ನು ಅವರೇ ಬರೆದಿದ್ದಾರೆ.

ನೋಡಿದಿರಾ? ಮಾತಿನಲ್ಲಿ ಗೆಲ್ಲಲಾಗದವರನ್ನು ಕಾಪಾಡುವುದು ನೇಮ. ನಮಗೆ ಎಷ್ಟೋ ಸಲ ಉತ್ತರ ಹೊಳೆಯುವುದೇ ಬಂದವರು ಹೋದ ಮೇಲೆ, ಲೋಟ ತೊಳೆಯುವಾಗ. ನೇಮ ಇದ್ದರೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ.

ಸಂಕಲ್ಪ ಹೇಳುವ ಕ್ರಮ

ಎಂಥ ನೇಮ ನಿಲ್ಲುತ್ತದೆ, ಎಂಥದ್ದು ನಿಲ್ಲುವುದಿಲ್ಲ? ಇದಕ್ಕೂ ಉತ್ತರ ನಮ್ಮ ದೇವರ ಕೋಣೆಯಲ್ಲೇ ಇದೆ. ಪುರೋಹಿತರು ಪೂಜೆಗೆ ಮುಂಚೆ ಸಂಕಲ್ಪ ಮಾಡಿಸುವಾಗ ಏನೇನು ಹೇಳಿಸುತ್ತಾರೆ? ಯಾವ ದೇಶ, ಯಾವ ಸಂವತ್ಸರ, ಯಾವ ಅಯನ, ಯಾವ ಋತು, ಮಾಸ, ಪಕ್ಷ, ತಿಥಿ, ವಾರ. ಆಮೇಲೆ ಮಾಡುವವರ ಗೋತ್ರ, ಹೆಸರು. ಕೊನೆಗೆ ಯಾವ ಫಲಕ್ಕಾಗಿ ಯಾವ ಪೂಜೆ. ಎಲ್ಲಿ, ಯಾವಾಗ, ಯಾರು, ಏನು, ಏತಕ್ಕೆ ಎಲ್ಲವೂ ಬಂತು. "ಏನೋ ಒಂದು ಪೂಜೆ, ಯಾವಾಗಲೋ ಒಂದು ದಿನ" ಎಂದು ಯಾರೂ ಸಂಕಲ್ಪ ಮಾಡುವುದಿಲ್ಲ.

ನಮ್ಮ ಹೊಸ ವರ್ಷದ ನಿಶ್ಚಯಗಳಲ್ಲಿ ಇವು ಯಾವುವೂ ಇರುವುದಿಲ್ಲ. "ಆರೋಗ್ಯ ನೋಡ್ಕೊಳ್ತೀನಿ" ಎಂದರೆ ಯಾವಾಗ? ಹೇಗೆ? ಅದೇ "ಮಧ್ಯಾಹ್ನ ಎರಡರೊಳಗೆ ನನ್ನ ಊಟ ಮುಗಿದಿರುತ್ತದೆ" ಎನ್ನಿ. ಗಡಿಯಾರ ನೋಡಿದರೆ ಸಾಕು, ನಡೆಯಿತೋ ಇಲ್ಲವೋ ಗೊತ್ತಾಗುತ್ತದೆ. "ಕೋಪ ಮಾಡಿಕೊಳ್ಳುವುದಿಲ್ಲ" ಎಂಬುದು ದೇವತೆಗಳ ಕೈಲೂ ಆಗದ್ದು. "ಊಟಕ್ಕೆ ಕೂತಾಗ ಮಗನ ಮಾರ್ಕ್ಸ್ ಮಾತು ಎತ್ತುವುದಿಲ್ಲ" ಎಂಬುದು ನಮ್ಮ ನಿಮ್ಮ ಕೈಲಿ ಆಗುವಂಥದ್ದು.

ಈಗ ನೇಮ ಯಾವುದರ ಬಗ್ಗೆ? ಅದು ನಿಮ್ಮ ನಿಮ್ಮ ಆಯ್ಕೆ. ಆದರೂ ನಮ್ಮಂಥ ಊರುಗಳ ಮನೆಗಳನ್ನು ನೋಡಿ ನನಗೆ ತೋಚಿದ್ದು ಮೂರು: ತುತ್ತು, ಹೊತ್ತು, ರುಜು.

ತುತ್ತು

ಎಲ್ಲರಿಗೂ ಬಡಿಸಿ, ಉಳಿದದ್ದನ್ನು, ಉಳಿದ ಹೊತ್ತಿನಲ್ಲಿ, ನಿಂತುಕೊಂಡೇ ತಿನ್ನುವುದು ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ! ತರಕಾರಿ ಹೋಳು ಮಕ್ಕಳಿಗೆ, ಗಟ್ಟಿ ಮೊಸರು ಯಜಮಾನರಿಗೆ, ತಳದ ಸಾರು ನಮಗೆ. ತ್ಯಾಗ ಎಂದು ಇದನ್ನು ಹೊಗಳುವುದು ಸುಲಭ. ಆದರೆ 2019ರಿಂದ 2021ರವರೆಗೆ ಸರ್ಕಾರ ನಡೆಸಿದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಂದ ಲೆಕ್ಕ ಕೇಳಿ. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಮಂದಿಗೆ, ನಮ್ಮ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಎಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ತಲೆಸುತ್ತು, ಸುಮ್ಮಸುಮ್ಮನೆ ಸಿಡುಕು. "ವಯಸ್ಸಾಯಿತು" ಎಂದು ನಾವೇ ಅದಕ್ಕೆ ಹೆಸರಿಟ್ಟಿರುತ್ತೇವೆ.

ಹಾಗಾಗಿ ತುತ್ತಿನ ನೇಮ ಹೀಗಿರಬಹುದು: "ಸೊಪ್ಪಿನ ಪಲ್ಯವೋ ಮೊಳಕೆಕಾಳೋ, ಮಾಡಿದ್ದರಲ್ಲಿ ಒಂದು ಸೌಟು ನನ್ನ ತಟ್ಟೆಗೆ ಮೊದಲೇ ತೆಗೆದಿಡುತ್ತೇನೆ. ಕೂತು ಉಣ್ಣುತ್ತೇನೆ." ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪು ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ ಟೀ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ. ಸುಸ್ತು ಹೆಚ್ಚಿದ್ದರೆ ಮಾತ್ರ ಪಲ್ಯದ ಮೇಲೆ ಭಾರ ಹಾಕದೆ ಡಾಕ್ಟರಲ್ಲಿ ರಕ್ತಪರೀಕ್ಷೆ ಮಾಡಿಸಿಬಿಡಿ.

"ಮೊದಲೇ ತೆಗೆದಿಟ್ಟುಕೊಂಡರೆ ಅತ್ತೆ ಏನಂದಾರು?" ಎನ್ನುತ್ತೀರಾ? ಮೊದಲ ವಾರ ಅಂದಾರು. ನೇಮ ಎಂದು ಗೊತ್ತಾದ ಮೇಲೆ "ನಿನ್ನ ಸೌಟು ತೆಗೆದಿಟ್ಟೆಯೇನೇ?" ಎಂದು ಅವರೇ ಕೇಳುವ ದಿನವೂ ಬರಬಹುದು.

ಹೊತ್ತು

2024ರ ಇಡೀ ವರ್ಷ ಕೇಂದ್ರ ಸರ್ಕಾರದವರು ದೇಶದಲ್ಲಿ ಯಾರು ಯಾವ ಕೆಲಸಕ್ಕೆ ಎಷ್ಟು ಸಮಯ ಕೊಡುತ್ತಾರೆಂದು ಲೆಕ್ಕ ಹಾಕಿದರು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೇ ಕೊಡುತ್ತಾರಂತೆ. ಹಾಗೆ ಮನೆಗೆಲಸ ಮಾಡುವ ಗಂಡಸರು 88 ನಿಮಿಷ. 289 ನಿಮಿಷವೆಂದರೆ ಐದು ಗಂಟೆಗೆ ಹನ್ನೊಂದೇ ನಿಮಿಷ ಕಡಿಮೆ. ಮಕ್ಕಳು ಮುದುಕರ ಆರೈಕೆಯ ಲೆಕ್ಕ ಬೇರೆ. ಓದಿದಾಗ ನಿಮಗೂ ನಗು ಬಂದಿರಬೇಕು: "ಐದೇ ಗಂಟೇನಾ? ನಮ್ಮನೆಗೆ ಬಂದು ನೋಡಲಿ!"

ಇಷ್ಟು ಹೊತ್ತಿನಲ್ಲಿ ಅರ್ಧ ಗಂಟೆ ನಿಮ್ಮದು ಎಂದು ಗುರುತು ಹಾಕಿಕೊಳ್ಳುವುದು ಎರಡನೆಯ ನೇಮ. ಯಾವ ಅರ್ಧ ಗಂಟೆ ಎಂದು ಗಡಿಯಾರದಲ್ಲಿ ಹೇಳಬೇಕು. "ಬಿಡುವಾದಾಗ" ಎಂದರೆ ಬಿಡುವು ಆಗುವುದೇ ಇಲ್ಲ. ಸಂಜೆ ನಾಲ್ಕರಿಂದ ನಾಲ್ಕೂವರೆ ಎನ್ನಿ. ಆಗ ನಡೆದು ಬನ್ನಿ, ಲೈಬ್ರರಿಯ ಪುಸ್ತಕ ಓದಿ, ನಿಂತುಹೋದ ಸಂಗೀತದ ಪಾಠ ತೆಗೆಯಿರಿ, ಅಥವಾ ಏನೂ ಮಾಡದೆ ಹಿತ್ತಲ ಕಟ್ಟೆಯ ಮೇಲೆ ಕೂತಿರಿ. ಏನೂ ಮಾಡದೆ ಕೂರುವುದೂ ಒಂದು ಕೆಲಸವೇ. ಅಭ್ಯಾಸವಿಲ್ಲದವರಿಗೆ ಅದು ಬಲು ಕಷ್ಟ!

ಗಾಂಧೀಜಿಯವರಿಗೆ ಸೋಮವಾರ ಮೌನದ ದಿನ. ಎಂಥ ದೊಡ್ಡ ಮನುಷ್ಯರು ಬಂದರೂ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದರೇ ಹೊರತು ಮಾತಿಲ್ಲ. ನಾಡಿನ ಕೆಲಸ ಹೊತ್ತವರಿಗೆ ವಾರಕ್ಕೊಂದು ದಿನ ದಕ್ಕಿತಾದರೆ, ಒಂದು ಮನೆಯ ಕೆಲಸ ಹೊತ್ತವರಿಗೆ ದಿನಕ್ಕೆ ಅರ್ಧ ಗಂಟೆ ದಕ್ಕಬಾರದೇ?

ರುಜು

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. "ಓದದೆ ರುಜು ಇಲ್ಲ. ಒಂದು ರಾತ್ರಿ ಕಳೆಯದೆ ಹೂಂ ಇಲ್ಲ."

ನಮ್ಮ ಬಾಳಿನಲ್ಲಿ ಓದದೆ ಹಾಕಿದ ರುಜುಗಳೆಷ್ಟು! ಮದುವೆಯಾದ ಹೊಸದರಲ್ಲಿ ಬ್ಯಾಂಕಿನ ಕಾಗದಕ್ಕೆ, ಆಮೇಲೆ ಸಾಲದ ಕಾಗದಕ್ಕೆ, ಸಂಘದ ಗೆಳತಿಯ ಸಾಲಕ್ಕೆ ಜಾಮೀನಾಗಿ, ತವರಿನ ಆಸ್ತಿ ಪತ್ರಕ್ಕೆ. "ಇಲ್ಲೊಂದು ಸೈನ್ ಹಾಕು" ಎಂದು ಬೆರಳಿಟ್ಟು ತೋರಿಸುತ್ತಾರೆ. ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತದೆ. ಸೆರಗಿಗೆ ಕೈ ಒರೆಸಿಕೊಂಡು ಹಾಕಿಬಿಡುತ್ತೇವೆ.

ಅದರ ಭಾರವೆಷ್ಟೆಂದು ತಿಳಿದಿರಲಿ. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ, ಕರಾರಿನಲ್ಲೇ ಬೇರೆ ರೀತಿ ಬರೆದಿರದಿದ್ದರೆ, ಜಾಮೀನು ನಿಂತವರ ಹೊಣೆ ಸಾಲ ತೆಗೆದವರಷ್ಟೇ. ಅವರು ಕಟ್ಟದಿದ್ದರೆ ನಿಮ್ಮ ಬಾಗಿಲಿಗೇ ಬರಬಹುದು. "ಪಾಪ, ಸಹಾಯಕ್ಕೆಂದು ಹಾಕಿದೆ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ತವರಿನ ಆಸ್ತಿಯ ವಿಷಯವೂ ಅಷ್ಟೇ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕೆಂದು ನಮ್ಮ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂದಿತ್ತು. ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಬಂದ ತಿದ್ದುಪಡಿಯಲ್ಲಿ ಮದುವೆಯಾದವಳು ಆಗದವಳು ಎಂಬ ಭೇದವಿಲ್ಲ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಣಿಯಾಗಿ ಮುಗಿದ ಪಾಲುಗಳನ್ನು ಮಾತ್ರ ಇದು ಕದಲಿಸುವುದಿಲ್ಲ. ಇಂಥ ಹಕ್ಕು ಒಂದು ರುಜುವಿನಲ್ಲಿ ಹೋಗಿಬಿಡುತ್ತದೆ. ಬಿಡುವುದಾದರೆ ತಿಳಿದು ಬಿಡಿ. ಪ್ರೀತಿಯಿಂದ ಬಿಟ್ಟುಕೊಡುವುದೂ ಒಂದು ಹಿರಿತನವೇ. ಆದರೆ ಏನು ಬಿಡುತ್ತಿದ್ದೇವೆ ಎಂದೇ ತಿಳಿಯದೆ ಬಿಟ್ಟದ್ದು ಬಿಟ್ಟುಕೊಟ್ಟಂತಲ್ಲ, ಕಳೆದುಕೊಂಡಂತೆ.

ನನಗೆ ಪರಿಚಯದ ಗೃಹಿಣಿಯೊಬ್ಬರ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅವರದು ಓದದೆ ರುಜು ಹಾಕದ ನೇಮ. ಒಂದು ದಿನ ಅಣ್ಣ ಹಕ್ಕು ಬಿಡುಗಡೆ ಪತ್ರದ ಕರಡು ಹಿಡಿದು ಬಂದರು.

"ನಾಳೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ರುಜು ಹಾಕ್ಬಿಡಮ್ಮ. ಎಲ್ಲ ಬರೆಸಿಯಾಗಿದೆ."

"ಕಾಗದ ಇಟ್ಟು ಹೋಗಣ್ಣ. ಓದಿ ಹೇಳ್ತೀನಿ."

"ನನ್ನ ಮೇಲೆ ನಂಬಿಕೆ ಇಲ್ವೇನೇ ನಿಂಗೆ?"

"ನಂಬಿಕೆ ಇಲ್ದೆ ಏನಣ್ಣ? ಇದು ನನ್ನ ನೇಮ. ನಿಮ್ಮ ಭಾವ ಬ್ಯಾಂಕಿನ ಫಾರಂ ತಂದ್ರೂ ಓದದೆ ಹಾಕೋಲ್ಲ. ಬೇಕಾದ್ರೆ ಅವರನ್ನೇ ಕೇಳು."

ಅಣ್ಣನಿಗೆ ಸಿಟ್ಟು ಬಂತು, ಆದರೆ ಎದುರಾಡಲು ದಾರಿಯಿರಲಿಲ್ಲ. ಈಕೆ ಕಾಗದವನ್ನು ಮಗಳಿಂದ ಓದಿಸಿ, ಗೊತ್ತಿರುವ ವಕೀಲರನ್ನು ಕೇಳಿದರು. ಅದರಲ್ಲಿ ಗದ್ದೆ ಮಾತ್ರವಲ್ಲ, ಅಪ್ಪ ಬಾಳಿ ಹೋದ ಊರಮನೆಯ ಪಾಲೂ ಸೇರಿತ್ತು. ನಾಲ್ಕು ದಿನದ ಮೇಲೆ ಫೋನು ಮಾಡಿದರು. "ಗದ್ದೆ ನೀನು ಉಳೋನು, ನಿನಗೇ ಇರಲಿ. ಅದಕ್ಕೆ ಸಂತೋಷವಾಗಿ ರುಜು ಹಾಕ್ತೀನಿ. ಊರಮನೆಯಲ್ಲಿ ನನ್ನ ಪಾಲು ಬಿಡೋಲ್ಲ. ಬೇರೆ ಕಾಗದ ಬರೆಸಿಕೊಂಡು ಬಾ."

ಎರಡು ಮೂರು ತಿಂಗಳು ಅಣ್ಣನ ಮಾತಿಲ್ಲ. ಆ ವರ್ಷದ ಗೌರಿಹಬ್ಬಕ್ಕೆ ಬಾಗಿನ ಬರುವುದೋ ಇಲ್ಲವೋ ಎಂದು ಈಕೆಗೆ ಒಳಗೇ ಅಳುಕು. ಬಂತು. ಅಣ್ಣನೇ ತಂದುಕೊಟ್ಟರು. ಹೊಸ ಕಾಗದವೂ ಆಮೇಲೆ ಬಂತು. ಎಲ್ಲ ಮನೆಯಲ್ಲೂ ಹೀಗೇ ಸುಖಾಂತವಾಗುತ್ತದೆ ಎಂದು ನಾನು ಹೇಳಲಾರೆ. ಆದರೆ "ನಿನ್ನ ಮೇಲೆ ಸಂಶಯ" ಎಂಬ ಮಾತು ಹರಿದುಹಾಕುವ ಸಂಬಂಧವನ್ನು "ಇದು ನನ್ನ ನೇಮ" ಎಂಬ ಮಾತು ಎಷ್ಟೋ ಸಲ ಉಳಿಸುತ್ತದೆ. ಎಲ್ಲರಿಗೂ ಒಂದೇ ನೇಮ ಎಂದ ಮೇಲೆ ಯಾರಿಗೂ ಅವಮಾನವಿಲ್ಲ.

ವಕೀಲರ ಪರಿಚಯವಿಲ್ಲದವರು ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಂದು ಕೇಳಿ. ಫೋನಿನಲ್ಲಾದರೆ 15100.

ಇನ್ನೊಂದು ಮಾತು. ಈಗ ನಮ್ಮ ರುಜು ಪೆನ್ನಿನಲ್ಲಿ ಮಾತ್ರ ಇಲ್ಲ, ಮೊಬೈಲಿನಲ್ಲೂ ಇದೆ. ಓಟಿಪಿ ಎಂದು ಬರುವ ಅಂಕಿಯೂ ಒಂದು ರುಜುವೇ. ಯಾರು ಕೇಳಿದರೂ ಫೋನಿನಲ್ಲಿ ಹೇಳಬಾರದು. "ಈಗಲೇ ಹಣ ಹಾಕಿ, ಇಲ್ಲದಿದ್ದರೆ ನಿಮ್ಮ ಮಗನನ್ನು ಹಿಡಿದುಕೊಂಡು ಹೋಗುತ್ತೇವೆ" ಎಂದು ಪೊಲೀಸರ ವೇಷದಲ್ಲಿ ವಿಡಿಯೋ ಕಾಲ್ ಮಾಡುವವರೂ ಇದ್ದಾರೆ. ಫೋನಿನಲ್ಲಿ ಅರೆಸ್ಟ್ ಮಾಡುವ ಪದ್ಧತಿ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. ಆತುರ ಪಡಿಸಿದರೆ ಇಟ್ಟುಬಿಡುವುದೇ ನೇಮ. ಅಕಸ್ಮಾತ್ ಹಣ ಹೋಗಿಬಿಟ್ಟರೆ ಅಳುತ್ತಾ ಕೂರದೆ, ಮನೆಯವರಿಂದ ಮುಚ್ಚಿಡದೆ, ಕೂಡಲೇ 1930ಕ್ಕೆ ಫೋನು ಮಾಡಿ.

ಒಂದೊಂದಾಗಿ, ಸ್ವಲ್ಪಸ್ವಲ್ಪವಾಗಿ

ಮೂರನ್ನೂ ಒಂದೇ ದಿನ ಹಿಡಿಯಬೇಡಿ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಎಂಬ ಮಹನೀಯರು ಹರೆಯದಲ್ಲಿ ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ಪುಟ್ಟ ಪುಸ್ತಕದಲ್ಲಿ ಗೆರೆ ಎಳೆದುಕೊಂಡು, ವಾರಕ್ಕೊಂದು ಗುಣದ ಮೇಲೆ ಗಮನವಿಟ್ಟು, ತಪ್ಪಿದಾಗಲೆಲ್ಲ ಚುಕ್ಕೆ ಹಾಕಿಕೊಳ್ಳುತ್ತಿದ್ದರಂತೆ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಎಲ್ಲಕ್ಕಿಂತ ಕಷ್ಟವಾದದ್ದು ವಸ್ತುಗಳನ್ನು ಅಚ್ಚುಕಟ್ಟಾಗಿಡುವ ಗುಣ ಎಂದು ಅವರೇ ಬರೆದುಕೊಂಡಿದ್ದಾರೆ. (ಚೆಲ್ಲಾಪಿಲ್ಲಿಯಾದದ್ದನ್ನು ಎತ್ತಿಡುತ್ತಿದ್ದವರು ಯಾರೋ, ಅವರ ಪುಸ್ತಕದಲ್ಲಿ ಎಷ್ಟು ಚುಕ್ಕೆಗಳಿದ್ದವೋ!) ಹದಿಮೂರು ನಮಗೆ ಬೇಡ. ಆದರೆ ಒಂದು ಸಲಕ್ಕೆ ಒಂದು ಎಂಬ ಉಪಾಯ ಬೇಕು.

ನಮ್ಮ ಸಾಲುಮರದ ತಿಮ್ಮಕ್ಕನವರನ್ನೇ ನೋಡಿ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಮಕ್ಕಳಿಲ್ಲದ ಆ ದಂಪತಿ ಮೊದಲ ವರ್ಷ ನೆಟ್ಟದ್ದು ಹತ್ತು ಆಲದ ಸಸಿ. ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು. ಕೂಲಿ ಕೆಲಸ ಮುಗಿಸಿ, ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು ನಾಲ್ಕು ಕಿಲೋಮೀಟರ್ ದಾರಿಗೆ ಮುನ್ನೂರಕ್ಕೂ ಮೀರಿದ ಮರಗಳ ನೆರಳಾಯಿತು. ಶಾಲೆಗೆ ಹೋಗದ ಆ ತಾಯಿಗೆ 2019ರಲ್ಲಿ ಪದ್ಮಶ್ರೀ ಬಂತು. ಅವರ ನೇಮದಲ್ಲಿ "ದೇಶವನ್ನು ಹಸಿರು ಮಾಡುತ್ತೇನೆ" ಎಂಬ ದೊಡ್ಡ ಮಾತಿರಲಿಲ್ಲ. ಇವತ್ತಿನ ಬಿಂದಿಗೆ ಇವತ್ತು, ಅಷ್ಟೇ.

ತಪ್ಪಿದರೆ?

ತಪ್ಪುತ್ತದೆ. ನೆಂಟರು ಬರುತ್ತಾರೆ, ಮಗುವಿಗೆ ಜ್ವರ ಬರುತ್ತದೆ, ನಾಲ್ಕು ಗಂಟೆಯ ನಿಮ್ಮ ಅರ್ಧ ಗಂಟೆ ಒಂದು ವಾರ ಎಲ್ಲೋ ಹೋಗಿಬಿಡುತ್ತದೆ. ಹಾಗೆಂದು ನೇಮ ಕೆಟ್ಟಿತೆಂದು ತಿಳಿಯಬೇಡಿ. ಯಾವ ಪೂಜೆಯ ಕೊನೆಗೂ ಮಂತ್ರದಲ್ಲಿ, ಕ್ರಿಯೆಯಲ್ಲಿ ಲೋಪವಾಗಿದ್ದರೆ ಕ್ಷಮಿಸು ಎಂದು ಬೇಡಿಕೊಳ್ಳುವುದಿಲ್ಲವೇ? ಲೋಪ ಆಗಿಯೇ ಆಗುತ್ತದೆಂದು ಹಿರಿಯರು ಮೊದಲೇ ತಿಳಿದು ಅದಕ್ಕೂ ಜಾಗ ಇಟ್ಟಿದ್ದಾರೆ. ರಂಜಾನಿನಲ್ಲಿ ಕಾಯಿಲೆಯಿಂದಲೋ ಪ್ರಯಾಣದಿಂದಲೋ ಬಿಟ್ಟ ಉಪವಾಸವನ್ನು ಆಮೇಲೆ ಹಿಡಿದು ತುಂಬಿಕೊಡುವ ಪದ್ಧತಿಯಿದೆ. ದೇವರೇ ಅಷ್ಟು ರಿಯಾಯಿತಿ ಕೊಡುವಾಗ ನಮಗೆ ನಾವು ಕೊಟ್ಟುಕೊಳ್ಳಬಾರದೇ? ಬಿಟ್ಟ ದಿನ ಬಿಟ್ಟಿತು. ಮಾರನೆಯ ದಿನ ಮತ್ತೆ ಹಿಡಿಯಿರಿ.

ವ್ರತಕ್ಕೆ ಉದ್ಯಾಪನೆ ಇರುವ ಹಾಗೆ ನೇಮಕ್ಕೂ ಒಂದು ಗಡುವು ಇರಲಿ. ಯುಗಾದಿಯಲ್ಲಿ ಹಿಡಿದದ್ದನ್ನು ಗೌರಿಹಬ್ಬದ ತನಕ ನಡೆಸಿ ನೋಡಿ. ಹೊಂದಿಬಂದರೆ ಮುಂದುವರಿಸಿ. ಹೊಂದದಿದ್ದರೆ ಕೃತಜ್ಞತೆಯಿಂದ ಮುಗಿಸಿ ಬೇರೆಯದನ್ನು ಹಿಡಿಯಿರಿ.

ಕೊನೆಗೆ ಎರಡು ಎಚ್ಚರಿಕೆ. ನಿಮ್ಮ ನೇಮ ಇನ್ನೊಬ್ಬರ ಬೆನ್ನ ಮೇಲಿನ ಹೊರೆಯಾಗದಿರಲಿ. "ನನ್ನ ಅರ್ಧ ಗಂಟೆ" ಎಂದು ಕೆಲಸದ ಹುಡುಗಿಯ ಮೇಲೋ ಸೊಸೆಯ ಮೇಲೋ ಎಲ್ಲವನ್ನೂ ಹೇರಿದರೆ ಅದು ನೇಮವಲ್ಲ, ದರ್ಬಾರು. ಎರಡನೆಯದು, ನೀವು ಈಗಾಗಲೇ ಅತ್ತೆಯ ಸ್ಥಾನದಲ್ಲಿದ್ದರೆ ನಿಮಗೆ ಇನ್ನೂ ಒಂದು ನೇಮ ಹೆಚ್ಚು: ಸೊಸೆಯ ನೇಮವನ್ನು ಕಾಯುವುದು. "ಅವಳು ಕೂತು ಉಣ್ಣಲಿ, ನಾನು ಬಡಿಸ್ತೀನಿ" ಎಂದು ನೀವು ಒಂದು ಸಲ ಅಂದರೆ ಸಾಕು, ಮನೆಯಲ್ಲಿ ಯಾರೂ ಎದುರಾಡುವುದಿಲ್ಲ.

ಇನ್ನು ತಡವೇಕೆ? ಸಾಮಾನಿನ ಪಟ್ಟಿ ಬರೆಯುವ ನೋಟ್‌ಬುಕ್ಕಿನಲ್ಲೇ, ಕಡಲೆಬೇಳೆ ಬೆಲ್ಲದ ಕೆಳಗೆ, ಒಂದು ಸಾಲು ಬರೆಯಿರಿ. ನಿಮ್ಮ ಹೆಸರು, ಹಿಡಿದ ದಿನ, ನೇಮ, ಗಡುವು. ಮನೆಯಲ್ಲಿ ಒಬ್ಬರಿಗಾದರೂ ಓದಿ ಹೇಳಿ. ಆಮೇಲೆ ಕಣಕ ನಾದಲು ಏಳಿ. ಅಂದಹಾಗೆ ಬರೆಯುವ ಆ ಐದು ನಿಮಿಷ ಯಾರಾದರೂ ಕರೆದರೆ "ಬಂದೆ, ಸಂಕಲ್ಪ ಮಾಡ್ತಿದೀನಿ" ಎನ್ನಿ. ಯಾರೂ ಎಬ್ಬಿಸುವುದಿಲ್ಲ, ನೋಡಿ ಬೇಕಾದರೆ!